ಬೀದಿ ಬೆಳಗಿದ ಮೇಲೆ

"ಹಾಕಿ! ನನ್ನ ಮೇಲೇ ಮಣ್ಣು ಹಾಕಿ ಮುಂದೆ ಹೋಗಿ!"

ಅಂಗಡಿಯ ಬಾಗಿಲಿಗೆ ಅಡ್ಡವಾಗಿ ತೋಡಿದ್ದ ಗುಂಡಿಗೆ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು ಅವಳು. ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತಿ ಮತ್ತೆ ಜೀವ ಕೊಡುವುದು ಅವಳ ಕಸುಬು. ಅಪ್ಪ ಇಟ್ಟ ಅಡ್ಡಹೆಸರು ಕಿಡಿ.

ಮೇಲಿದ್ದ ನಗರಸಭೆಯ ಇಂಜಿನಿಯರ್ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ತಾನೂ ಗುಂಡಿಗೆ ಧುಮುಕಿದ. ಬಿಳಿ ಅಂಗಿಗೆಲ್ಲ ಕೆಸರು!

"ನೀವ್ಯಾಕೆ ಇಳಿದ್ರಿ?"

"ಮೇಲಿಂದ ಮಾತಾಡಿದ್ರೆ ನೀವು ಕೇಳಲ್ಲ ಅನ್ನಿಸ್ತು. ಇದು ಒಳಚರಂಡಿಗೆ. ಆಮೇಲೆ ರಸ್ತೆ, ದೀಪ. ಆ ಕಡೆಯ ದೊಡ್ಡ ಕಟ್ಟಡಗಳ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಇನ್ಮೇಲೆ ಇಂಥ ಬೀದಿಗಳಿಗೆ ಅಂತ ತೀರ್ಮಾನ ಆಗಿದೆ."

"ನಮ್ಮ ಬೀದಿಗೆ?! ಯಾಕೆ, ಚುನಾವಣೆ ಬಂತಾ?"

ಅವನು ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಆದರೆ ಆ ನಗು ಸಂಜೆಯವರೆಗೂ ಕಿವಿಯಲ್ಲೇ ಉಳಿಯಿತು...

ದಿನಗಳು ಉರುಳಿದವು. ಕೊಳಚೆ ವಾಸನೆ ಹೋಯಿತು. ಕಂಬಗಳಿಗೆ ದೀಪ ಬಂತು. ಜಾರಿ ಬೀಳುವ ಭಯಕ್ಕೆ ಮನೆಯಲ್ಲೇ ಕೂತಿದ್ದ ಅಪ್ಪ ಈಗ ಸಂಜೆ ಹೊತ್ತು ಬೀದಿಯ ಕೊನೆಯವರೆಗೂ ನಡೆದು ಬರುತ್ತಿದ್ದ.

ಇಂಜಿನಿಯರ್ ಮಾತ್ರ ಕೆಲಸ ಮುಗಿದ ಜಾಗವನ್ನೇ ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದ!

"ಚರಂಡಿ ನೋಡೋಕೆ ಬರೋನು ಚರಂಡಿ ಒಂದನ್ನ ಬಿಟ್ಟು ಬೇರೆಲ್ಲ ನೋಡ್ತಾನಪ್ಪ," ಎಂದು ಸೋದರತ್ತೆ ರಾಗ ಎಳೆದರೆ, ಕಿಡಿ ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದಳು. ಸುತ್ತು ತಪ್ಪಿ ಮತ್ತೆ ಬಿಚ್ಚುತ್ತಿದ್ದಳು.

*ನನಗೇನಾಗಿದೆ? ನಂಬಬೇಕಾ ಇವನನ್ನ?*

ನಂಬಿದಳು. ಆಗಲೇ ಅವರು ಬಾಡಿಗೆಗಿದ್ದ ಕಟ್ಟಡದ ಮಾಲೀಕ ಬಂದು ನಿಂತ.

"ನೋಡಮ್ಮ, ಬೀದಿಗೆ ಈಗ ಬೆಲೆ ಬಂದಿದೆ. ದೊಡ್ಡ ಬೇಕರಿಯವರು ಕೇಳ್ತಿದ್ದಾರೆ. ತಿಂಗಳ ಕೊನೆಗೆ ಅಂಗಡಿ, ಮೇಲಿನ ಮನೆ ಎರಡೂ ಖಾಲಿ ಮಾಡಿ."

ಅಪ್ಪ ಗೋಡೆ ಹಿಡಿದು ಕುಸಿದು ಕೂತ. ಅವಳು ಮರುದಿನವೇ ನಗರಸಭೆಗೆ ಓಡಿದಳು. ಇಂಜಿನಿಯರನಿಗೆ ಹೇಳಿದರೆ ಏನಾದರೂ ದಾರಿ ತೋರಿಸಿಯಾನು...

ಗಾಜಿನ ಬಾಗಿಲಾಚೆ ಕಂಡಿದ್ದೇ ಬೇರೆ! ಮಾಲೀಕ ಇಂಜಿನಿಯರನ ಹೆಗಲು ತಟ್ಟುತ್ತಿದ್ದ. "ನಿಮ್ಮ ಉಪಕಾರ ಮರೆಯಲ್ಲ ಸ್ವಾಮಿ!"

ಮಾಲೀಕ ಹೊರಗೆ ಹೋದದ್ದೇ ತಡ, ಅವಳು ಒಳಗೆ ನುಗ್ಗಿದಳು.

"ನೀವಿಬ್ಬರೂ ಒಂದೇನಾ?"

"ಕಿಡಿ, ಒಂದು ನಿಮಿಷ..."

"ಹಾಗೆ ಕರೀಬೇಡಿ! ಬೀದಿಗೆ ದೀಪ ಹಾಕಿದ್ರಿ, ನಮ್ಮ ಮನೆ ದೀಪ ಆರಿಸಿದ್ರಿ. ಕತ್ತಲಲ್ಲಾದರೂ ನಾವು ಇದ್ವಿ. ಈ ಬೆಳಕಲ್ಲಿ ನಮಗೆ ಜಾಗಾನೇ ಇಲ್ಲ!"

ಉತ್ತರಕ್ಕೂ ಕಾಯದೆ ಹೊರಟುಹೋದಳು. ಆಮೇಲೆ ಅವನ ಫೋನು ಬಡಿದುಕೊಂಡಿದ್ದೇ ಬಂತು, ಅವಳು ಎತ್ತಲಿಲ್ಲ. ಅತ್ತೆ ಸಾಮಾನು ಕಟ್ಟುವ ಸದ್ದು ಕೇಳಿದಾಗಲೆಲ್ಲ ಕಣ್ಣು ತುಂಬುತ್ತಿತ್ತು.

ಅದೇ ವಾರ ಯೋಜನೆಯ ಎರಡನೇ ಹಂತಕ್ಕೆ ಸಾರ್ವಜನಿಕ ಸಭೆ. ಕಿಡಿ ಹಿಂದಿನ ಸಾಲಲ್ಲಿ ಕೂತಳು. ಮುಂದೆ ಮಾಲೀಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಇಂಜಿನಿಯರ್ ಎದ್ದ. "ತೆರಿಗೆ ಹಣದಿಂದ ಹಳೇ ಕಟ್ಟಡಗಳ ರಿಪೇರಿಗೆ ನೆರವು ಕೊಡ್ತಿದ್ದೀವಿ. ನನ್ನದೊಂದು ಷರತ್ತು ಸೇರಿಸಬೇಕು. ಇದ್ದ ಬಾಡಿಗೆದಾರರನ್ನ ಎಬ್ಬಿಸಿದ್ರೆ, ಬಾಡಿಗೆ ಏರಿಸಿದ್ರೆ, ಆ ಮಾಲೀಕರಿಗೆ ನೆರವಿಲ್ಲ."

ಸಭೆ ಗುಜುಗುಜು ಎಂದಿತು.

"ಅವತ್ತು ನನ್ನ ಅರ್ಜಿ ತಗೊಂಡ್ಯಲ್ಲಯ್ಯಾ!" ಮಾಲೀಕ ಸಿಡಿದೆದ್ದ.

"ಚಾವಣಿ ರಿಪೇರಿಗೆ ಕೊಟ್ರಿ, ತಗೊಂಡೆ. ಷರತ್ತಿನ ವಿಷಯ ಹೇಳೋಕೆ ಬಾಯಿ ತೆರೆಯೋ ಮೊದಲೇ ಹೆಗಲು ತಟ್ಟಿ ಹೊರಟುಬಿಟ್ರಿ!"

ಕಿಡಿ ಮುಂದಕ್ಕೆ ಬಾಗಿ ಅವನನ್ನೇ ನೋಡಿದಳು. *ಅಯ್ಯೋ... ನಾನೂ ಇವನಿಗೆ ಬಾಯಿ ತೆರೆಯೋಕೆ ಬಿಡಲಿಲ್ಲವಲ್ಲ!*

"ಕೂತ್ಕೊಳ್ಳಿ! ಇದು ನಿಮ್ಮ ಕೆಲಸ ಅಲ್ಲ," ಮೇಲಧಿಕಾರಿ ಗದರಿದರು.

ಅವನು ಕೂರಲಿಲ್ಲ. ನಗರಸಭೆಯ ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡು ಸಭೆಯತ್ತ ನೋಡಿದರು.

"ಬಾಡಿಗೆದಾರರು ಯಾರಾದರೂ ಮಾತಾಡ್ತೀರಾ?"

ಯಾರೂ ಏಳಲಿಲ್ಲ. ಕಿಡಿ ಎಡಬಲ ನೋಡಿದಳು. ಆಮೇಲೆ ತಾನೇ ಎದ್ದಳು.

"ನಾವು ರಸ್ತೆ ಬೇಡ ಅನ್ನಲ್ಲ ಅಮ್ಮ. ನಮ್ಮಪ್ಪ ಈಗ ಆ ರಸ್ತೇಲಿ ನಡೀತಾರೆ. ಆ ನಡಿಗೆಯನ್ನ ವಾಪಸ್ ಕಿತ್ಕೋಬೇಡಿ. ಊರು ಒಳ್ಳೇದಾಗೋ ಹೊತ್ತಿಗೆ ನಾವೂ ಇರ್ಬೇಕು... ಅಷ್ಟೇ."

ಷರತ್ತನ್ನು ಮತಕ್ಕೆ ಹಾಕಿದಾಗ ಸದಸ್ಯರ ಸಾಲಿನಲ್ಲಿ ಒಂದೊಂದಾಗಿ ಕೈಗಳು ಮೇಲೆದ್ದವು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲದೇನೋ... ಸಾಲದೇನೋ... ಕೊನೆಗೆ ಅಧ್ಯಕ್ಷೆಯೇ ಕೈ ಎತ್ತಿದರು. ಷರತ್ತು ಪಾಸಾಯಿತು!

ಮಾಲೀಕ ಅವಳ ಪಕ್ಕ ಹಾದುಹೋಗುತ್ತಾ ಗೊಣಗಿದ: "ಇರು ತಾಯಿ, ಇರು. ಬೇಕರಿ ಹಾಳಾಗಿಹೋಗ್ಲಿ, ನನ್ನ ಚಾವಣಿ ತಲೆ ಮೇಲೆ ಬೀಳೋ ಹಾಗಿದೆ, ಆ ನೆರವು ಬಿಡೋಕಾಗಲ್ಲ."

ಹೊರಗಿನ ಮೆಟ್ಟಿಲ ಮೇಲೆ ಇಂಜಿನಿಯರ್ ಒಬ್ಬನೇ ನಿಂತಿದ್ದ.

"ನನ್ನನ್ನ... ಕ್ಷಮಿಸ್ತೀರಾ?" ಅವಳು ಹತ್ತಿರ ಬಂದು ಕೇಳಿದಳು.

"ತಪ್ಪು ನಿಮ್ಮದೊಬ್ಬರದೇ ಅಲ್ಲ. ದೀಪ ಹಾಕೋವಾಗಲೇ ನಾನು ಇದನ್ನ ಯೋಚಿಸಬೇಕಿತ್ತು." ಅವನು ಸಣ್ಣಗೆ ನಕ್ಕ. "ಮೇಲಧಿಕಾರಿಗೆ ಸಿಟ್ಟು ಬಂದಿದೆ. ನಾಳೆಯಿಂದ ನಿಮ್ಮ ಬೀದಿ ಬೇರೆಯವರ ಕೈಗೆ. ನನ್ನನ್ನ ಊರಿನ ಇನ್ನೊಂದು ತುದಿಗೆ ಹಾಕಿದ್ದಾರೆ."

"ಅಂದ್ರೆ... ಇನ್ನು ಬರಲ್ವಾ?"

"ಏನು ನೆಪ ಹೇಳ್ಕೊಂಡು ಬರ್ಲಿ?"

ಕಿಡಿ ಮುಖ ಎತ್ತಿದಳು. ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ನಡುಗಲಿಲ್ಲ.

"ಕೆಲಸ ಏನೂ ಇಲ್ಲ, ನನ್ನನ್ನ ನೋಡೋಕೆ ಬಂದೆ ಅಂತ ಹೇಳಿ."

ಅವನು ಕಿವಿ ಕೆರೆದುಕೊಂಡ. "ನಿಮ್ಮತ್ತೆ ಬೀದಿಗೆಲ್ಲ ಕೇಳೋ ಹಾಗೆ ನಗ್ತಾರೆ."

"ನಗ್ಲಿ ಬಿಡಿ. ಈ ವಾರವೆಲ್ಲ ನಾನು ಅತ್ತಿದ್ದನ್ನ ಕೇಳಿದ್ದಾರಲ್ಲ, ಪಾಪ."

ಅವನ ಬೆರಳು ಮೆಲ್ಲಗೆ ಅವಳ ಬೆರಳಿಗೆ ತಾಗಿತು. ಅವಳು ಆ ಕೈ ಹಿಡಿದುಕೊಂಡಳು.

"ಹಾಗಾದ್ರೆ... ನಾಳೆ ಬರ್ಲಾ, ಕಿಡಿ?"

"ನಾಳೆ ಯಾಕೆ?" ಎಂದಳು ಅವಳು, ಕೈ ಬಿಡದೆ. "ಈಗಲೇ ನಡೀರಿ."