ಹಸಿದ ಕೂಸಿಗೆ ಕುಡಿಸಿದ ಹಾಲು

“ಎಳೇ ಕೂಸಿನ ಬೆನ್ನಿಗೆ ಸೂಜಿ ಚುಚ್ಚಿಸಿ ಹೆಳವನ್ನಾಗಿ ಮಾಡ್ತೀಯೇನೇ? ಇರೋನು ಒಬ್ಬನೇ ಮೊಮ್ಮಗ…”

ಆಸ್ಪತ್ರೆಗೆ ಹೊರಡುವ ಬೆಳಿಗ್ಗೆಯೂ ಅಜ್ಜಿ ಬೇಯಾ ತನ್ನ ಬಾಯಿ ಮುಚ್ಚಲಿಲ್ಲ. ಸ್ಫಾಕ್ಸ್ ಊರಿನ ಆ ಬೀದಿಯಲ್ಲಿ ಅವಳ ನಾಲಿಗೆಗೆ ಹೆದರದವರು ಯಾರಿದ್ದರು? ಸೊಸೆ ರಿಹಾಬ್ ತಲೆ ತಗ್ಗಿಸಿ ಕೂಸಿನ ಬಟ್ಟೆ ಮಡಚುತ್ತಿದ್ದಳು. ಎರಡು ತಿಂಗಳು ಮುಂಚೆಯೇ ಹುಟ್ಟಿದ ಕೂಸು ಇಯಾದ್‌ಗೆ ತೊಡೆಸಂದಿಗೆ ಕರುಳು ಇಳಿದಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: “ಆಪರೇಷನ್‌ಗೆ ಪೂರ್ತಿ ನಿದ್ದೆ ಬರಿಸಿದ್ರೆ ದಿನ ತುಂಬದ ಕೂಸು ಆಮೇಲೆ ಉಸಿರಾಡೋದನ್ನೇ ಮರೀಬಹುದು. ಸೊಂಟದ ಕೆಳಗಷ್ಟೇ ಮರಗಟ್ಟಿಸೋ ಬೆನ್ನಿನ ಸೂಜಿಯಲ್ಲಿ ಆ ಭಯ ಕಡಿಮೆ. ಅಪಾಯವೇ ಇಲ್ಲ ಅನ್ನಲ್ಲ. ಸೂಜಿ ಹಿಡೀದಿದ್ರೆ ನಿದ್ದೆಯೇ ಗತಿ. ಅದಕ್ಕೇ ಹೊಟ್ಟೆ ಖಾಲಿ ಇರ್ಲೇಬೇಕು.”

ಖಾಲಿ ಹೊಟ್ಟೆಯ ಕೂಸು ಕಿರುಚಿ ಕಿರುಚಿ ನೀಲಿಯಾಗುತ್ತಿದ್ದರೆ ಅಜ್ಜಿಯ ಕರುಳು ಸುಮ್ಮನಿರುತ್ತದೆಯೇ? ರಿಹಾಬ್ ಸ್ನಾನಕ್ಕೆ ಹೋದದ್ದೇ ತಡ, ಬೇಯಾ ಹಾಲಿಗೆ ಸಕ್ಕರೆ ಹಾಕಿ, ತಾನೇ ಭಟ್ಟಿ ಇಳಿಸಿದ್ದ ಕಿತ್ತಳೆ ಹೂವಿನ ನೀರನ್ನು ಎರಡು ತೊಟ್ಟು ಬೆರೆಸಿ ಕುಡಿಸಿಬಿಟ್ಟಳು. ಆ ಮನೆಯಲ್ಲಿ ಹೊಟ್ಟೆನೋವಿಗೂ ಅದೇ ಮದ್ದು, ಹೆದರಿಕೆಗೂ ಅದೇ. ಕೂಸು ತೆಪ್ಪಗಾಯಿತು. ಡಾಕ್ಟರಿಗಿಂತ ತನಗೇ ಹೆಚ್ಚು ತಿಳಿದಿದೆ ಎಂದು ಅವಳು ಬೀಗಿದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಕೈ ಚಾಚಿದಳು. “ಕೊನೇ ಸಲ ಹಾಲು ಕೊಟ್ಟಿದ್ದು ಯಾವಾಗ? ಸರಿಯಾಗಿ ಹೇಳಿ. ವಾಂತಿಯಾಗಿ ಉಸಿರಿಗೆ ಸಿಕ್ಕಿದ್ರೆ ಕೂಸು ಉಳಿಯಲ್ಲ.”

“ಬೆಳಗಿನ ಜಾವ,” ಎಂದಳು ರಿಹಾಬ್.

ಬೇಯಾ ಸೊಸೆಯ ತೋಳು ಹಿಡಿದೆಳೆದು ಕಿವಿಯಲ್ಲಿ ಉಸುರಿದಳು, “ನಾನು… ಕೊಟ್ಟುಬಿಟ್ಟೆ ಕಣೇ. ಹೊರಡೋ ಮುಂಚೆ…”

ರಿಹಾಬ್ ಅವಳನ್ನು ಒಮ್ಮೆ ನೋಡಿದಳು. ಮಗುವನ್ನು ಎದೆಗೊತ್ತಿಕೊಂಡು ನರ್ಸ್ ಕಡೆ ತಿರುಗಿದಳು. “ಒಂದು ಗಂಟೆ ಹಿಂದೆ ಹಾಲು ಕೊಟ್ಟಿದ್ದೀನಿ, ಸಿಸ್ಟರ್. ತಪ್ಪು ನಂದೇ.”

ಡಾಕ್ಟರಮ್ಮ ಬಂದು ಎಲ್ಲರೆದುರು ಅವಳ ನೀರಿಳಿಸಿದರು. ಆಪರೇಷನ್ ಸಂಜೆಗೆ ಹೋಯಿತು. ಬೇಯಾಳ ಮಗ ಶುಕ್ರಿ ಹೆಂಡತಿಯ ಮೇಲೆ ಹರಿಹಾಯ್ದ. “ಒಂದು ಬೆಳಿಗ್ಗೆ ತಡ್ಕೊಳ್ಳೋಕೆ ಆಗಲಿಲ್ವ? ನೀನೂ ಒಬ್ಬ ತಾಯಿನಾ?” ರಿಹಾಬ್ ಕೂಸನ್ನು ತೂಗುತ್ತಾ ನಿಂತಳು. ಬೀದಿಯನ್ನೇ ನಡುಗಿಸುವ ಬೇಯಾಳ ನಾಲಿಗೆ ಅಂದು ಅಂಗುಳಕ್ಕೆ ಅಂಟಿಕೊಂಡಿತ್ತು. ನಾಚಿಕೆಯಿಂದ ಮೈಯೆಲ್ಲ ಸುಡುತ್ತಿತ್ತು, ಆದರೂ ಅವಳು ಗೋಡೆ ನೋಡುತ್ತಾ ಕೂತಳು.

ಸಂಜೆ ಸೂಜಿ ಸರಿಯಾಗಿಯೇ ಹಿಡಿಯಿತು. ಹೊರಗೆ ತಂದಾಗ ಕೂಸು ಕಣ್ಣು ಬಿಟ್ಟುಕೊಂಡಿತ್ತು, ಕಾಲು ಮಾತ್ರ ಅಲ್ಲಾಡುತ್ತಿರಲಿಲ್ಲ. ಬೇಯಾ ಆ ಕಾಲುಗಳನ್ನೇ ನೋಡುತ್ತಾ ಕಾದಳು. ಮುಕ್ಕಾಲು ಗಂಟೆಯಲ್ಲಿ ಎರಡು ಕಾಲೂ ಒದೆಯತೊಡಗಿದವು.

ಅವಳಿಗೆ ತಡೆಯಲಾಗಲಿಲ್ಲ. ಮಗನನ್ನು ಮೂಲೆಗೆ ಕರೆದಳು. “ಹಾಲು ಕೊಟ್ಟಿದ್ದು ಅವಳಲ್ಲ ಕಣೋ… ನಾನು.”

“ಗೊತ್ತಮ್ಮಾ.” ಶುಕ್ರಿ ಮುಖ ಎತ್ತಲಿಲ್ಲ. “ರಿಹಾಬ್ ಹಾಗೆ ಮಾಡೋಳಲ್ಲ, ಆಗಲೇ ಗೊತ್ತಾಯ್ತು. ಅಷ್ಟು ಜನರೆದುರು ನಿಮ್ಮನ್ನ ಬೈಯೋಕಾಗುತ್ತಾ? ಅವಳಾದ್ರೆ ತಡ್ಕೋತಾಳೆ.”

ಹೆತ್ತು ಬೆಳೆಸಿದ ಮಗನ ಮುಖವನ್ನು ಬೇಯಾ ದಿಟ್ಟಿಸಿದಳು. ಇದನ್ನು ಇವನಿಗೆ ಕಲಿಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತು.

“ನಡಿ,” ಎಂದಳು. “ಅಷ್ಟೇ ಜನರೆದುರು ಅವಳ ಕ್ಷಮೆ ಕೇಳೋಣ. ಮೊದಲು ನಾನು ಕೇಳ್ತೀನಿ.”