ಮುಖ್ತಾರ್‌ನ ಕಾರ್ಡು

ಸ್ಫಾಕ್ಸ್ ಊರಿನ ನಮ್ಮ ರಕ್ತದಾನಿಗಳ ಸಂಘದಲ್ಲಿ ಯಾರಾದರೂ ತೀರಿಕೊಂಡರೆ, ಅವರ ಕಾರ್ಡಿನ ಮೂಲೆಯನ್ನು ಕಾರ್ಯದರ್ಶಿ ಝಕಿಯಾ ಖಾಲಾ ಮಡಿಸಿಡುತ್ತಾರೆ. ಅಂಥವನ್ನು ಬಿಟ್ಟು ಮಿಕ್ಕವರ ಹೆಸರನ್ನು ನಾನು ಹೊಸ ಸಾಫ್ಟ್‌ವೇರಿಗೆ ಏರಿಸುತ್ತಿದ್ದೆ.

ಖಾಲಾ ಪರದೆ ನೋಡಿದರು. "ಮುಖ್ತಾರ್‌ನ ಯಾಕಮ್ಮ ಸೇರಿಸಿದೆ? ಅವನ ಸಾವಿನ ಮನೆಗೆ ಕುಸ್‌ಕುಸ್ ಊಟ ಹೊತ್ತೊಯ್ದವಳೇ ನಾನು."

"ಮೂಲೆ ಮಡಿಸಿರಲಿಲ್ಲ ಖಾಲಾ."

"ಮಡಿಸಿದ್ದೆ ಕಣೆ. ನನಗೇನು ಅರಳುಮರಳಾ?"

ಕಾರ್ಡಿನಲ್ಲಿ ಮಡಿಕೆಯ ಗುರುತೇ ಇರಲಿಲ್ಲ. ಎಸಿಯ ತಣ್ಣನೆ ಕೋಣೆಯಲ್ಲೂ ಅದು ಬೆಚ್ಚಗಿತ್ತು. ಖಾಲಾ ಮತ್ತೆ ಮಡಿಸಿದರು, ನಾನು ಹೆಸರು ಅಳಿಸಿದೆ.

ಚಹಾ ಕುಡಿದು ಬರುವಷ್ಟರಲ್ಲಿ ಮೂಲೆ ನೆಟ್ಟಗಾಗಿತ್ತು, ಹೆಸರೂ ವಾಪಸು ಬಂದಿತ್ತು. ಕೊನೆಯ ರಕ್ತದಾನ ಅನ್ನುವಲ್ಲಿ ಅವತ್ತಿನದೇ ತಾರೀಕು.

ಏನೂ ತೋಚದೆ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸಿದೆ.

"ಹ್ಞೂಂ, ಮುಖ್ತಾರ್ ಅವರದು ಈಗಷ್ಟೇ ಬಂತು," ಎಂದಳು ನರ್ಸ್. "ಚೀಲ ಇನ್ನೂ ಬೆಚ್ಚಗಿದೆ."