ಒರಗಿ ನಿಂತ ಮನೆ

"ಬಿಡಿ ನನ್ನನ್ನ... ಅಪ್ಪ ಒಳಗಿದ್ದಾರೆ!"

ಪ್ರೇರಣಾ ಕೈ ಕೊಸರಿಕೊಂಡಳು. ಹಿಡಿದವನು ಬಿಡಲಿಲ್ಲ.

ಅವಳ ಮುಂದೆ ಇಟ್ಟಿಗೆ, ಕಂಬಿ, ಮುರಿದ ಸಜ್ಜಾಗಳ ದೊಡ್ಡ ಗುಡ್ಡೆ ಬಿದ್ದಿತ್ತು. ಯಡಿಯೂರು ಕೆರೆಯ ಹಿಂದಿನ ಆ ರಸ್ತೆಯಲ್ಲಿ ನಿನ್ನೆ ಬೆಳಗಿನ ಜಾವದವರೆಗೂ ಅದು ಅವಳು ಹುಟ್ಟಿ ಬೆಳೆದ ಮನೆ.

ಭೂಮಿ ನಡುಗಿದಾಗ ಅವಳು ಮೈಸೂರಿನಲ್ಲಿದ್ದಳು. ಅಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಸುದ್ದಿ ಕೇಳಿದೊಡನೆ ಹೊರಟವಳಿಗೆ ರೈಲು ಸಿಗಲಿಲ್ಲ, ಬಸ್ಸು ಸಿಗಲಿಲ್ಲ. ತರಕಾರಿ ಲಾರಿ ಹತ್ತಿ, ಕೆಂಗೇರಿಯಿಂದ ನಡೆದು, ಮರುದಿನ ಮಧ್ಯಾಹ್ನದ ಹೊತ್ತಿಗೆ ಇಲ್ಲಿಗೆ ಬಂದು ಮುಟ್ಟಿದ್ದಳು. ಬಂದವಳೇ ಗುಡ್ಡೆ ಹತ್ತಲು ಹೋಗಿದ್ದಳು.

"ಮ್ಯಾಲೆ ನೋಡ್ರಿ ಒಮ್ಮೆ," ಎಂದ ಅವನು ಮೆಲ್ಲಗೆ.

ಅವಳು ತಲೆ ಎತ್ತಿದಳು. ಪಕ್ಕದ ಮೂರಂತಸ್ತಿನ ಮನೆ ಬುಡದಿಂದಲೇ ವಾಲಿ, ಅವರ ಮನೆಯ ಅವಶೇಷದ ಮೇಲೆ ಭುಜ ಕೊಟ್ಟು ಒರಗಿ ನಿಂತಿತ್ತು. ಆ ರಸ್ತೆಯಲ್ಲಿ ಎರಡು ಮನೆಗಳ ನಡುವೆ ಅಂಗೈ ತೂರಿಸುವಷ್ಟೂ ಜಾಗ ಬಿಟ್ಟವರಿಲ್ಲ.

"ಇಲ್ಲಿಂದ ಏನರ ತಗದ್ರ ಅದು ಪೂರಾ ಬೀಳ್ತದ್ರಿ. ನಿಮ್ಮ ಮ್ಯಾಲೂ ಬೀಳ್ತದ, ಅವರ ಮ್ಯಾಲೂ ಬೀಳ್ತದ."

ರಕ್ಷಣಾ ಪಡೆಯವರು ಬೆಳಿಗ್ಗೆ ಬಂದು ಅದನ್ನೇ ಹೇಳಿ ಹೋಗಿದ್ದರಂತೆ. ಯಂತ್ರ ಇಟ್ಟು ಕೇಳಿದ್ದರಂತೆ, ಒಳಗಿನಿಂದ ಯಾವ ಸದ್ದೂ ಇಲ್ಲವಂತೆ. ಇನ್ನು ಪಕ್ಕದ ಮನೆ ಮೊದಲು ಇಳಿಸಬೇಕು, ಆಮೇಲೆ ಈ ಮನೆಗೆ ಕೈ ಹಾಕಬಹುದು. ಆದರೆ ನಿಂತಿರುವ ಮನೆಯನ್ನು ಮಾಲೀಕರ ಸಹಿ ಇಲ್ಲದೆ ಯಾರೂ ಮುಟ್ಟುವಂತಿಲ್ಲ.

ಯಾವ ಸದ್ದೂ ಇಲ್ಲ... ಆ ಮಾತು ಅವಳ ಎದೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವಳು ಗುಡ್ಡೆಯ ಕಡೆಗೆ ಎಳೆಯುವುದನ್ನು ಬಿಟ್ಟಳು.

ಆಗಲೇ ಅವಳು ಅವನ ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ನೋಡಿದ್ದು. ಒರಗಿ ನಿಂತ ಮನೆಯ ಗೇಟಿಗೆ ಅವನೇ ಬೀಗ ಹಾಕಿದ್ದ. ಆ ಮನೆಯನ್ನು ಹೊಸಬರು ಕೊಂಡಿದ್ದಾರೆ, ಇನ್ನೂ ಮುಖ ನೋಡಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದು ನೆನಪಾಯಿತು.

"ನಿಮ್ಮ ಮನೆ ಇಳಿಸೋಕೆ ಒಪ್ಪಿಕೊಳ್ಳಿ," ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಅಪ್ಪನ್ನ ನನಗೆ ಕೊಡಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮತ್ತೆ ಮುಚ್ಚಿದ.

"ನೋಡ್ತೀನ್ರಿ," ಎಂದಷ್ಟೇ ಹೇಳಿದ.

ನೋಡ್ತಾನಂತೆ! ಅಪ್ಪ ಕಲ್ಲಿನ ಕೆಳಗೆ ಬಿದ್ದಿದ್ದಾರೆ, ಇವನು ನೋಡ್ತಾನಂತೆ!

ಸ್ವಂತದ್ದೋ ಬಾಡಿಗೆಯೋ ಎಂದು ಕೇಳದೆ ಬೆಂಗಳೂರಿನಲ್ಲಿ ಯಾರೂ ಯಾರೊಂದಿಗೂ ಎರಡನೇ ಮಾತು ಆಡುವುದಿಲ್ಲ. ಅವತ್ತು ಪ್ರೇರಣಾ ಕೇಳಲಿಲ್ಲ. ಪಾಪ, ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

*

ಅವಳ ತಾಯಿ ಜಯದೇವಿ ಜಯನಗರದ ಶಾಲಾ ಮೈದಾನದಲ್ಲಿದ್ದರು. ಕೆರೆ ಸುತ್ತ ವಾಕಿಂಗ್ ಹೋಗಿದ್ದರಿಂದ ಜೀವ ಉಳಿದಿತ್ತು. ವಾಪಸ್ಸು ಬಂದು ಮನೆ ಇದ್ದ ಜಾಗ ನೋಡಿ ಎಚ್ಚರ ತಪ್ಪಿದವರನ್ನು ಯಾರೋ ಎತ್ತಿ ಇಲ್ಲಿಗೆ ತಂದಿದ್ದರು.

ಮೈದಾನದ ತುಂಬ ಹಳೆಯ ಫ್ಲೆಕ್ಸ್ ಬ್ಯಾನರುಗಳ ಗುಡಾರಗಳು. ಜಯದೇವಿಯವರ ತಲೆಯ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯ ತಲೆಕೆಳಗಾಗಿ ನಗುತ್ತಿತ್ತು. ಗಟ್ಟಿ ಮನೆ ಇದ್ದವರೂ ಸೂರಿನ ಕೆಳಗೆ ಮಲಗಲು ಹೆದರಿ ಕಾರುಗಳಲ್ಲಿ ಮಲಗುತ್ತಿದ್ದರು. ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಭೂಮಿ ಆಗಾಗ ಸಣ್ಣಗೆ ಅಲುಗುತ್ತಿತ್ತು. ಅಲುಗಿದಾಗಲೆಲ್ಲ ಇಡೀ ಮೈದಾನ ಒಟ್ಟಿಗೆ ಉಸಿರು ಹಿಡಿಯುತ್ತಿತ್ತು.

ಜಯದೇವಿ ಅಳಲಿಲ್ಲ. ಒಂದೇ ಮಾತು ಹೇಳುತ್ತಿದ್ದರು.

"ಅವರಿಗೆ ಮಣ್ಣು ಕೊಡಬೇಕು."

ಅವರ ಕಡೆ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಮನೆಯವರು ಮೊದಲು, ಆಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಕಳಿಸಿಕೊಡುತ್ತಾರೆ. ಪಕ್ಕದ ಗುಡಾರದ ಅಂಜನಮ್ಮ ಸಮಾಧಾನ ಮಾಡಲು ಹೋಗಿ, ಅವರು ಮಣ್ಣಿನಲ್ಲೇ ಇದ್ದಾರಲ್ಲಮ್ಮ, ದೇವರೇ ಕೊಟ್ಟುಬಿಟ್ಟ ಅಂದುಕೊಳ್ಳಿ ಎಂದರು.

"ಅದು ನಾವು ಕೊಟ್ಟ ಮಣ್ಣಲ್ಲ," ಎಂದರು ಜಯದೇವಿ.

ಪ್ರೇರಣಾ ಮುಖ ತಿರುಗಿಸಿಕೊಂಡಳು. ಏನು ಮಾಡಲಿ? ಯಾರನ್ನು ಕೇಳಲಿ? ಅಮ್ಮನಿಗೆ ಇದೊಂದನ್ನೂ ಮಾಡಿಕೊಡಲಾರದ ನಾನು ಯಾತರ ಮಗಳು?

*

ಮರುದಿನದಿಂದ ಜಯದೇವಿ ಹಟ ಹಿಡಿದು ಗುಡ್ಡೆಯ ಎದುರು ರಸ್ತೆಯಲ್ಲಿ ಬಂದು ಕುಳಿತರು. ಮಗಳು ಜೊತೆಗೆ ಕುಳಿತಳು.

ಬೆಳಗಿನ ಹೊತ್ತು ಅವನು ಎಂದೂ ಕಾಣುತ್ತಿರಲಿಲ್ಲ. ತಲೆ ತಪ್ಪಿಸಿಕೊಂಡು ತಿರುಗುತ್ತಾನೆ ಎಂದುಕೊಂಡಳು ಪ್ರೇರಣಾ. ಮಧ್ಯಾಹ್ನ ಧೂಳು ಮೆತ್ತಿದ ಕಾಲಲ್ಲಿ ಬರುತ್ತಿದ್ದ. ಮೊದಲು ಗೇಟಿನ ಬೀಗ ಎಳೆದು ನೋಡುತ್ತಿದ್ದ. ಅದನ್ನು ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

"ಬೀಗ ಭದ್ರವಾಗಿದೆಯಾ? ನಮ್ಮ ಅಪ್ಪ ಎದ್ದು ಬಂದು ನಿಮ್ಮ ಮನೆ ಹೊತ್ಕೊಂಡು ಹೋಗಲ್ಲ ಬಿಡಿ."

ಅವನು ಬೀಗದ ಕೈ ಗೊಂಚಲನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ನಿಮ್ಮ ಮನೇಲಿ ಯಾರಾದ್ರೂ ಸತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ."

ಇಷ್ಟು ಅಂದರೂ ಒಂದು ಮಾತು ತಿರುಗಿ ಆಡದ ಮನುಷ್ಯನ ಜೊತೆ ಜಗಳವಾದರೂ ಹೇಗೆ ಆಡುವುದು? ಅವಳಿಗೆ ಅದಕ್ಕೂ ಸಿಟ್ಟು ಬರುತ್ತಿತ್ತು.

ಒಂದು ದಿನ ಅವರು ಬರುವಷ್ಟರಲ್ಲಿ, ಜಯದೇವಿ ಕೂರುವ ಜಾಗದ ಮೇಲೆ ಎರಡು ಗಳ ನೆಟ್ಟು ಫ್ಲೆಕ್ಸ್ ಕಟ್ಟಲಾಗಿತ್ತು. ಕೆಳಗೊಂದು ಪ್ಲಾಸ್ಟಿಕ್ ಕುರ್ಚಿ. ಮಧ್ಯಾಹ್ನ ಬಿಸಿಲು ತಿರುಗಿದಾಗ ಅವನು ಬಂದು, ಗಳ ಕಿತ್ತು ಆ ಕಡೆಗೆ ನೆಟ್ಟ. ನೆರಳು ಮತ್ತೆ ಅಮ್ಮನ ಮೇಲೆ ಬಂತು. ಅಮ್ಮ ಅವನ ಹೆಸರು ಕೇಳಿದರು. ಚನ್ನವೀರ ಎಂದ. ಊರು ಜಮಖಂಡಿ, ಮಡಿವಾಳದ ಕೊರಿಯರ್ ಆಫೀಸಿನಲ್ಲಿ ಕೆಲಸ, ಈಗ ಆ ಆಫೀಸೂ ಬಿದ್ದಿದೆ ಎಂದ.

ಮನೆ ಬಿಟ್ಟುಕೊಡದವನು ನೆರಳು ಯಾಕೆ ಕಟ್ಟುತ್ತಾನೆ? ಪ್ರೇರಣಾಳಿಗೆ ಅರ್ಥವಾಗಲಿಲ್ಲ. ಪಾಪಪ್ರಜ್ಞೆ ಇರಬೇಕು ಎಂದುಕೊಂಡಳು. ಆದರೂ ಮರುದಿನ ಮಧ್ಯಾಹ್ನವಾಗುತ್ತಿದ್ದಂತೆ ಅವಳ ಕಣ್ಣು ಬೀದಿಯ ತುದಿಗೆ ಹೋಗುತ್ತಿತ್ತು. ಹೋಗಬೇಡ ಎಂದರೂ ಹೋಗುತ್ತಿತ್ತು. ತನ್ನ ಮೇಲೆಯೇ ಅಸಹ್ಯಪಟ್ಟುಕೊಂಡಳು.

ಅವತ್ತೇ ಭೂಮಿ ಮತ್ತೆ ಅಲುಗಿತು, ಈ ಸಲ ಜೋರಾಗಿ. ಒರಗಿದ ಮನೆ ಕಟಕಟ ಸದ್ದು ಮಾಡಿತು. ಎಲ್ಲಿದ್ದನೋ, ಓಡಿ ಬಂದ ಚನ್ನವೀರ ಕುರ್ಚಿ ಸಮೇತ ಜಯದೇವಿಯವರನ್ನು ಎತ್ತಿ ರಸ್ತೆಯ ಆಚೆಗೆ ಒಯ್ದಿಟ್ಟ. ಹಿಂದಿರುಗಿ ಬಂದು ಪ್ರೇರಣಾಳ ಕೈ ಹಿಡಿದು ಎಳೆದ. ಅವಳು ಅಲ್ಲೇ ನಿಂತು ಗುಡ್ಡೆಯನ್ನೇ ನೋಡುತ್ತಿದ್ದಳು.

"ನಾಳೆ ಅದು ತಾನಾಗೇ ಬಿದ್ರೆ ಅಪ್ಪ ಇನ್ನೂ ಆಳಕ್ಕೆ ಹೋಗ್ತಾರೆ," ಎಂದಳು. ಅವಳ ದನಿಯಲ್ಲಿ ಸಿಟ್ಟು ಖಾಲಿಯಾಗಿತ್ತು. "ನಮ್ಮ ಕೈಗೆ ಏನೂ ಸಿಗಲ್ಲ. ಅಲ್ವಾ?"

ಅವನ ಕಣ್ಣು ತುಂಬಿತು. ಜೆಪಿ ನಗರದ ದಾರಿ ಹಿಡಿದು ಬಿರಬಿರನೆ ನಡೆದುಬಿಟ್ಟ.

*

ಮರುದಿನ ಬೆಳಿಗ್ಗೆ ಅವನ ತೋಳು ಹಿಡಿದು ವಯಸ್ಸಾದವರೊಬ್ಬರು ಆಟೊದಿಂದ ಇಳಿದರು. ಅವರು ಸೋಮಲಿಂಗಪ್ಪ. ಒರಗಿ ನಿಂತ ಮನೆಯ ಮಾಲೀಕರು!

ಪ್ರೇರಣಾ ಅವರನ್ನೊಮ್ಮೆ, ಚನ್ನವೀರನನ್ನೊಮ್ಮೆ ನೋಡಿದಳು.

ಸೋಮಲಿಂಗಪ್ಪನವರು ಜೆಪಿ ನಗರದಲ್ಲಿ ಮಗಳ ಮನೆಯಂಗಳದಲ್ಲಿ ಮಲಗುತ್ತಿದ್ದರು. ಮೇಲಿನ ಮಹಡಿಗೆ ಬಾಡಿಗೆಗೆ ಬಂದು ತಿಂಗಳೂ ತುಂಬದ ಈ ಹುಡುಗ ಶಿಬಿರದಿಂದ ಶಿಬಿರಕ್ಕೆ ಅಲೆದು, ವಿಚಾರಿಸಿ ಅವರನ್ನು ಹುಡುಕಿದ್ದನಂತೆ. ಅಂದಿನಿಂದ ದಿನಾ ಬೆಳಿಗ್ಗೆ ನಡೆದುಕೊಂಡು ಹೋಗಿ ಎದುರು ಕೂರುತ್ತಿದ್ದನಂತೆ. ತೀರಿಕೊಂಡವರಿಗಾಗಿ ನಿಂತ ಮನೆ ಯಾಕೆ ಬೀಳಿಸಲಿ, ನನಗಿರುವ ಆಧಾರ ಅದೊಂದೇ ಎಂದು ಅವರು ಬೈದು ಕಳಿಸುತ್ತಿದ್ದರು. ಮಾರನೆಯ ದಿನ ಅವನು ಮತ್ತೆ ಹಾಜರು.

"ನಿನ್ನೆ ಬಂದು, ಸಹಿ ಬ್ಯಾಡ್ರಿ, ಒಮ್ಮೆ ಬಂದು ನೋಡ್ರಿ ಸಾಕು ಅಂದ," ಎಂದರು ಸೋಮಲಿಂಗಪ್ಪ.

ಅವರು ನೋಡಿದರು. ಗುಡ್ಡೆಯನ್ನಲ್ಲ, ಅದರ ಎದುರು ನೆರಳಲ್ಲಿ ಕುಳಿತ ಜಯದೇವಿಯವರನ್ನು. ಬಹಳ ಹೊತ್ತು ನೋಡಿ, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು.

ಯಂತ್ರ ಬರುವವರೆಗೆ ಪ್ರೇರಣಾ ತಡೆದುಕೊಂಡಿದ್ದಳು. ಆಮೇಲೆ ಅವನ ಎದುರು ಹೋಗಿ ನಿಂತಳು. ಮನೆಯೊಳಕ್ಕೆ ಯಾರೂ ಹೋಗುವಂತಿಲ್ಲ ಎಂದು ರಕ್ಷಣಾ ಪಡೆಯವರು ಹೇಳಿದ್ದರು, ಅವನು ಗೇಟಿಗೆ ಬೀಗ ಹಾಕಿದ್ದೂ ಅದಕ್ಕೇ. ಅವನ ಬಟ್ಟೆ, ಹಾಸಿಗೆ, ಪ್ರಮಾಣಪತ್ರಗಳು, ಎಲ್ಲವೂ ಆ ಮೇಲಿನ ಮಹಡಿಯಲ್ಲೇ ಇದ್ದವು.

"ನಾನು ಬಾಡಿಗೆಯವನು ಅಂತ ಒಂದು ಮಾತು ಹೇಳಬಹುದಿತ್ತಲ್ಲ? ಅಷ್ಟು ಬೈದೆ ನಿಮ್ಮನ್ನ..."

"ಬೈಸ್ಕೋಬೇಕು ಅನ್ನಿಸ್ತಿತ್ರಿ."

"ಯಾಕೆ?"

ಅವನು ನೆಲ ನೋಡಿದ. "ನಿಮ್ಮ ಅಪ್ಪಾವ್ರು ಮಾತಾಡಿದ್ರಿ ನನ್ನ ಕೂಡ."

ಪ್ರೇರಣಾ ಒಂದು ಹೆಜ್ಜೆ ಹತ್ತಿರ ಬಂದಳು.

"ಮೊದಲ ದಿನ ಪೂರಾ ದನಿ ಬರ್ತಿತ್ತು. ನಾ ಇಲ್ಲೇ ಕಿವಿ ಇಟ್ಟು ಮಲಗಿದ್ದೆ. ಯಾರನ್ನ ಕರದ್ರೂ ಬರಲಿಲ್ಲ. ಎಲ್ಲಾ ಕಡೆ ಹಿಂಗೇ ಆಗಿತ್ತಲ್ರಿ. ಪೈಪಿನಾಗ ಒಂದಿಷ್ಟು ನೀರು ಬಿಟ್ಟೆ. ಜಯದೇವಿ ಹೆಂಗದಾಳ ಅಂತ ಕೇಳಿದ್ರು, ಆರಾಮ್ ಅದಾರ ಅಂದೆ. ಯಾವ ಊರಪ್ಪ ನಿಂದು ಅಂದ್ರು. ಜಮಖಂಡಿ ಅಂದೆ. ಆಮ್ಯಾಲೆ..." ಅವನು ಗುಡ್ಡೆಯ ಕಡೆ ತಿರುಗಿದ. "ಬೆಳಗಿಂದ ಇಲ್ಲೇ ಇದೀಯಲ್ಲ, ಹೋಗಿ ಏನಾದ್ರೂ ತಿಂದ್ಕೊಂಡು ಬಾ ಅಂದ್ರು. ಕಲ್ಲಿನ ಕೆಳಗ ಇದ್ದವರು ನನ್ನ ಊಟ ಕೇಳಿದ್ರು."

ಪ್ರೇರಣಾ ಬಾಯಿಗೆ ಸೆರಗಿನ ತುದಿ ಒತ್ತಿಕೊಂಡಳು. ಅದು ಅಪ್ಪನೇ. ಬಾಗಿಲಿಗೆ ಬಂದ ಯಾರನ್ನೂ ಊರು ಕೇಳದೆ, ಊಟ ಕೇಳದೆ ಕಳಿಸಿದವರಲ್ಲ ಅವಳ ಅಪ್ಪ ಮರುಳಸಿದ್ದಪ್ಪ.

"ನೀವು ಬಂದ ದಿನ ಮುಂಜಾನಿ ದನಿ ನಿಂತುಹೋತ್ರಿ. ಆ ಮ್ಯಾಲೆ ನೀವು ಬಂದ್ರಿ. ನನಗ ನಿಮ್ಮ ಮಾರಿ ನೋಡೋ ಧೈರ್ಯ ಇರಲಿಲ್ಲ. ಬೈದಾಗ ಒಂದೀಟು ಹಗುರ ಆಗ್ತಿತ್ತು."

ಅವಳು ಅತ್ತಳು. ಇಷ್ಟು ದಿನ ಒಳಗೇ ಕಟ್ಟಿಕೊಂಡಿದ್ದೆಲ್ಲ ಆ ರಸ್ತೆಯ ಮಧ್ಯೆ ಒಡೆದು ಬಂತು. ಅಪ್ಪ ಒಂಟಿಯಾಗಿ ಹೋಗಲಿಲ್ಲ... ಯಾರೂ ಇಲ್ಲದೆ ಹೋಗಲಿಲ್ಲ... ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲೇ. ಅದು ಸಮಯವಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಮನಸ್ಸು ಯಾವಾಗ ಸಮಯ ನೋಡಿದೆ ಹೇಳಿ!

*

ಮನೆ ಇಳಿಸಲು ಹಿಡಿದಷ್ಟು ದಿನವೂ ಅವನು ಅಲ್ಲೇ ಇದ್ದ. ಮರುಳಸಿದ್ದಪ್ಪನವರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ, ಹೊರುವವರಲ್ಲಿ ಅವನೂ ಒಬ್ಬ. ಮುಖ ತೆರೆಯಬೇಡಿ ಎಂದರು. ಕೊರಳಿನ ಕರಡಿಗೆಯನ್ನು ಮಾತ್ರ ತೋರಿಸಿದರು. ಅದರೊಳಗೆ ಇಷ್ಟಲಿಂಗ ಹಾಗೇ ಇತ್ತು. ಜಯದೇವಿ ಅದನ್ನು ಮುಟ್ಟಿ, ಅಂದು ಮೊದಲ ಸಲ ಗಟ್ಟಿಯಾಗಿ ಅತ್ತರು.

ರುದ್ರಭೂಮಿಯಲ್ಲಿ ಎಲ್ಲಿ ನೋಡಿದರೂ ಹಸಿ ಮಣ್ಣು. ಪೂಜೆ ಮಾಡಿಸಲು ಬಂದ ಅಯ್ಯನವರಿಗೆ ಅದು ಅಂದಿನ ಎಷ್ಟನೆಯದೋ. ಸುಸ್ತಾಗಿದ್ದರೂ ಅವಸರ ಮಾಡಲಿಲ್ಲ. ವಿಭೂತಿ ಇಡಿಸಿ, ಬಿಲ್ವಪತ್ರೆ ಹಾಕಿಸಿ, ಮನೆಯವರು ಮೊದಲು ಬನ್ನಿ ಎಂದು ಕರೆದರು.

ಜಯದೇವಿ ಬಾಗಿ ಒಂದು ಹಿಡಿ ಮಣ್ಣು ಹಾಕಿದರು. ಪ್ರೇರಣಾ ಹಾಕಿದಳು.

ಮುಂದೆ ಯಾರೂ ಇರಲಿಲ್ಲ. ಅವರ ಮನೆಯಲ್ಲಿ ಇದ್ದದ್ದೇ ಮೂವರು.

ಚನ್ನವೀರ ದೂರದಲ್ಲಿ, ಬೇರೆಯವರ ಸಾಲಿನ ಕೊನೆಯಲ್ಲಿ ನಿಂತಿದ್ದ. ಬಸ್ಸು ಶುರುವಾಗಿದೆ, ಮಣ್ಣು ಮುಗಿಸಿ ಊರಿಗೆ ಹೊರಡುತ್ತೇನೆ ಎಂದು ಬೆಳಿಗ್ಗೆ ಜಯದೇವಿಯವರಿಗೆ ಹೇಳಿದ್ದ.

ಪ್ರೇರಣಾ ತಾಯಿಯ ಮುಖ ನೋಡಿದಳು. ಜಯದೇವಿ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಅವಳು ಮಣ್ಣು ಮೆತ್ತಿದ ಕೈಯಲ್ಲೇ ಅವನ ಬಳಿಗೆ ನಡೆದಳು.

"ಬನ್ನಿ," ಎಂದಳು.

"ಮನಿಯವರು ಬರ್ರಿ ಅಂದಾರ್ರಿ ಅಯ್ನೋರು."

"ಹೂಂ. ಅದಕ್ಕೇ ಕರೀತಿದೀನಿ."

ಅವನು ಅವಳನ್ನೇ ನೋಡಿದ.

"ನನ್ನ ಹತ್ರ ಏನೂ ಉಳಿದಿಲ್ಲ ಪ್ರೇರಣಾ. ಇರಾಕ ಒಂದು ಖೋಲಿ ಸೈತ ಇಲ್ಲ."

"ನಮ್ಮ ಹತ್ರ ಇದೆಯಾ?" ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. "ಅಪ್ಪನ ಪಕ್ಕ ಕೊನೇವರೆಗೂ ಇದ್ರಿ. ನನ್ನ ಪಕ್ಕಾನೂ ಇರ್ತೀರಾ?"

"ಇರ್ತೀನಿ."

ಇಬ್ಬರೂ ಒಟ್ಟಿಗೆ ನಡೆದು ಬಂದರು. ಅಯ್ಯನವರು ಸ್ವಲ್ಪ ಸರಿದು ಜಾಗ ಬಿಟ್ಟರು. ಚನ್ನವೀರ ಬಾಗಿ ಮಣ್ಣು ತುಂಬಿಕೊಂಡ. ಅದು ಅವನ ಬೆರಳ ಸಂದಿಯಿಂದ ಸೋರುವುದನ್ನು ನೋಡಿ ಪ್ರೇರಣಾ ಕೆಳಗಿನಿಂದ ತನ್ನ ಕೈ ಕೊಟ್ಟಳು.